ಬೇರೆಯವರ ತಪ್ಪಿನ ಗೊಡವೆ ನನಗೇಕೆ?

ಪ್ರಶ್ನೆ: ‘ನಿಮ್ಮ ಹೊಣೆ ನಿಮ್ಮ ಮೇಲಿದೆ, ನೀವು ಸನ್ಮಾರ್ಗದಲ್ಲಿದ್ದರೆ ದಾರಿ ತಪ್ಪಿದವರಿಂದ ನಿಮಗೇನೂ ಹಾನಿಯಾಗದು’ ಎಂದು ಕುರ್‌ಆನೇ ಹೇಳುತ್ತದೆ. ಹಾಗಿರುವಾಗ ಕಣ್ಣೆದುರು ಯಾರೋ ಕೆಟ್ಟದ್ದು ಮಾಡುತ್ತಿದ್ದರೆ ತಡೆಯುವುದು ನನ್ನ ಕರ್ತವ್ಯವೇ? ಅವರ ಪಾಡಿಗೆ ಅವರನ್ನು ಬಿಟ್ಟರೆ ತಪ್ಪಾಗುತ್ತದೆಯೇ?

ಉತ್ತರ: ನೀವು ಹೇಳಿದ ವಚನ ಅಲ್ ಮಾಇದಾ ಅಧ್ಯಾಯದ 105ನೆಯದು. ಇದನ್ನು ಓದಿ ಸುಮ್ಮನಿದ್ದುಬಿಡಬಹುದು ಎಂದುಕೊಂಡವರು ಇಸ್ಲಾಮಿನ ಮೊದಲ ತಲೆಮಾರಿನಲ್ಲೇ ಇದ್ದರು. ಅವರಿಗೆ ಉತ್ತರ ಕೊಟ್ಟವರು ಮೊದಲ ಖಲೀಫ ಅಬೂಬಕರ್(ರ). ನೀವು ಈ ವಚನವನ್ನು ಓದುತ್ತೀರಿ, ಆದರೆ ಸಲ್ಲದ ಕಡೆ ಅನ್ವಯಿಸುತ್ತೀರಿ ಎಂದರು ಅವರು. ಅಕ್ರಮಿಯನ್ನು ಕಂಡೂ ಜನ ಅವನ ಕೈ ಹಿಡಿದು ತಡೆಯದಿದ್ದರೆ ಅಲ್ಲಾಹನ ಶಿಕ್ಷೆ ಎಲ್ಲರನ್ನೂ ಆವರಿಸೀತು ಎಂದು ಪ್ರವಾದಿ(ಸ) ಹೇಳಿದ್ದನ್ನು ತಾನು ಕೇಳಿದ್ದೇನೆ ಎಂದೂ ಸೇರಿಸಿದರು. ಅಬೂದಾವೂದ್ ಮತ್ತು ತಿರ್ಮಿದಿ ಎಂಬ ಹದೀಸ್ (ಪ್ರವಾದಿವಚನ) ಸಂಗ್ರಹಗಳಲ್ಲಿ ಇದು ದಾಖಲಾಗಿದೆ.

ವಚನದಲ್ಲಿ ‘ನೀವು ಸನ್ಮಾರ್ಗದಲ್ಲಿದ್ದರೆ’ ಎಂಬ ಷರತ್ತು ಇದೆಯಲ್ಲ, ವಿಷಯ ಇರುವುದು ಅಲ್ಲೇ. ಕೆಡುಕನ್ನು ತಡೆಯುವುದೂ ಸನ್ಮಾರ್ಗದ ಒಂದು ಭಾಗ. ಅತ್ತೌಬ ಅಧ್ಯಾಯದ 71ನೇ ವಚನವನ್ನು ನೋಡಿ. ಸತ್ಯವಿಶ್ವಾಸಿ ಪುರುಷರೂ ಸ್ತ್ರೀಯರೂ ಪರಸ್ಪರ ಆಪ್ತರು ಎಂದು ಹೇಳಿ, ಅವರು ಒಳಿತನ್ನು ಬೋಧಿಸುತ್ತಾರೆ, ಕೆಡುಕನ್ನು ತಡೆಯುತ್ತಾರೆ ಎನ್ನುತ್ತದೆ. ನಮಾಝ್ ಮತ್ತು ಝಕಾತ್‌ನ (ಕಡ್ಡಾಯ ದಾನದ) ಮಾತು ಬರುವುದು ಅದಾದ ಮೇಲೆ. ಹೆಣ್ಣು, ಗಂಡು ಇಬ್ಬರಿಗೂ ಸಂದ ಹೊಣೆ ಇದು, ಮತ್ತು ಅದರ ಬುಡದಲ್ಲಿ ಇರುವುದು ಆಪ್ತತೆ. ತಡೆಯುವವನಿಗೆ ಎದುರಿನವನ ಬಗ್ಗೆ ಕಾಳಜಿ ಇಲ್ಲದಿದ್ದರೆ ಅವನು ಬೇರೇನೋ ಮಾಡುತ್ತಿದ್ದಾನೆ ಎಂದೇ ನನ್ನ ಭಾವನೆ.

‘ಅವರ ಪಾಡಿಗೆ ಅವರು’ ಎಂಬ ವಾದಕ್ಕೆ ಬುಖಾರಿ ಸಂಗ್ರಹದಲ್ಲಿರುವ ಹಡಗಿನ ಹದೀಸ್ ನೇರ ಉತ್ತರ. ಚೀಟಿ ಎತ್ತಿ ಕೆಲವರು ಹಡಗಿನ ಮೇಲಂತಸ್ತಿನಲ್ಲಿ, ಕೆಲವರು ಕೆಳಗೆ ಜಾಗ ಪಡೆದರು. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿಯೇ ಹೋಗಬೇಕು. ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಂಡರೆ ಮೇಲಿನವರಿಗೆ ತೊಂದರೆ ಕೊಡುವುದು ತಪ್ಪುತ್ತದೆ ಎಂದುಕೊಂಡರು. ಗಮನಿಸಿ, ಅವರ ಮನಸ್ಸಿನಲ್ಲಿ ದುರುದ್ದೇಶವಿಲ್ಲ. ಕೊರೆಯುವುದೂ ಅವರದೇ ಪಾಲಿನ ಹಲಗೆ. ಆದರೆ ಹಾಗೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ ಎಂದರು ಪ್ರವಾದಿ(ಸ).

ಇನ್ನು ತಡೆಯುವ ಬಗೆ. ‘ನಿಮ್ಮಲ್ಲಿ ಯಾರಾದರೂ ಕೆಡುಕನ್ನು ಕಂಡರೆ ಕೈಯಿಂದ ಬದಲಿಸಲಿ, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಹೃದಯದಿಂದ, ಇದು ಈಮಾನಿನ (ವಿಶ್ವಾಸದ) ಅತಿ ದುರ್ಬಲ ಸ್ಥಿತಿ’ ಎಂಬ ಮುಸ್ಲಿಮ್ ಸಂಗ್ರಹದ ಹದೀಸ್ ಬಹಳ ಮಂದಿಗೆ ಬಾಯಿಪಾಠ. ಅದನ್ನು ಪ್ರವಾದಿಯವರ ಸಂಗಾತಿ ಅಬೂ ಸಈದ್ ಅಲ್ ಖುದ್ರಿ(ರ) ಯಾವಾಗ ನೆನಪಿಸಿದರು ಎಂಬುದು ಅಷ್ಟೊಂದು ಜನರಿಗೆ ಗೊತ್ತಿಲ್ಲ. ಅಂದು ಈದ್. ಮದೀನಾದ ರಾಜ್ಯಪಾಲನಾಗಿದ್ದ ಮರ್ವಾನ್ ನಮಾಝ್‌ಗಿಂತ ಮೊದಲೇ ಖುತ್ಬಾಕ್ಕೆ (ಪ್ರವಚನಕ್ಕೆ) ನಿಂತ. ನಮಾಝ್ ಮುಗಿದ ಮೇಲೆ ಜನ ತನ್ನ ಮಾತು ಕೇಳಲು ಕೂರುವುದಿಲ್ಲ ಎಂಬುದು ಅವನ ನೆಪ. ಜನರ ನಡುವಿನಿಂದ ಒಬ್ಬ ಎದ್ದು, ‘ನಮಾಝ್ ಖುತ್ಬಾಕ್ಕಿಂತ ಮೊದಲು’ ಎಂದ. ‘ಅದೆಲ್ಲ ಬಿಟ್ಟಾಯಿತು’ ಎಂದ ಮರ್ವಾನ್. ಆಗ ಅಬೂ ಸಈದ್(ರ), ‘ಈತ ತನ್ನ ಹೊಣೆ ತೀರಿಸಿದ’ ಎಂದು ಹೇಳಿ ಈ ಹದೀಸನ್ನು ಉದ್ಧರಿಸಿದರು.

ಆ ಮನುಷ್ಯ ಮಾಡಿದ್ದು ಒಂದು ವಾಕ್ಯ ಹೇಳಿದ್ದಷ್ಟೇ. ಎದುರಿಗಿದ್ದವನು ಅಧಿಕಾರಸ್ಥ, ತಪ್ಪು ಎಲ್ಲರೆದುರೇ ನಡೆದದ್ದು. ಮರ್ವಾನ್ ಬದಲಾಗಲಿಲ್ಲ, ಆದರೂ ಹೊಣೆ ತೀರಿತು. ಈ ಹದೀಸನ್ನು ದುರ್ಬಲರ ಮೇಲೆ ಕೈಮಾಡಲು ಪರವಾನಗಿಯಂತೆ ಬಳಸುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಕೈಯ ಅಧಿಕಾರ ಇರುವುದು ಹೊಣೆಗಾರಿಕೆ ಇರುವ ಕಡೆ: ಚಿಕ್ಕ ಮಕ್ಕಳ ವಿಷಯದಲ್ಲಿ ಹೆತ್ತವರಿಗೆ, ಅಪರಾಧದ ವಿಷಯದಲ್ಲಿ ಆಡಳಿತ ಮತ್ತು ನ್ಯಾಯಾಲಯಕ್ಕೆ. ಶಿಕ್ಷೆ ಕೊಡುವುದು ಬೀದಿಯಲ್ಲಿ ಹೋಗುವವನ ಕೆಲಸವಲ್ಲ. 1111ರಲ್ಲಿ ನಿಧನರಾದ ವಿದ್ವಾಂಸ ಇಮಾಮ್ ಗಝ್ಝಾಲಿ ಈ ಕರ್ತವ್ಯದ ಮೆಟ್ಟಿಲುಗಳನ್ನು ವಿವರವಾಗಿ ಬರೆದಿದ್ದಾರೆ. ಮೊದಲ ಮೆಟ್ಟಿಲು, ಅದು ತಪ್ಪೆಂದು ತಿಳಿಸುವುದು; ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ತಂದೆಯ ತಪ್ಪು ಕಂಡ ಮಗನಿಗೆ ತಿಳಿಸುವ, ಮೃದುವಾಗಿ ಉಪದೇಶಿಸುವ ಹಕ್ಕಿದೆ, ಬೈಯುವ, ಬೆದರಿಸುವ ಹಕ್ಕಿಲ್ಲ ಎನ್ನುತ್ತಾರೆ ಅವರು.

ಕಣ್ಣಿಗೆ ಬಿದ್ದ ತಪ್ಪಿನ ಬಗ್ಗೆ ಮಾತ್ರ ಈ ಹೊಣೆ, ಹುಡುಕಿ ತೆಗೆದ ತಪ್ಪಿನ ಬಗ್ಗೆ ಅಲ್ಲ. ಅಲ್ ಹುಜುರಾತ್ ಅಧ್ಯಾಯದ 12ನೇ ವಚನ ಗೂಢಚಾರಿಕೆಯನ್ನು ಖಂಡಿತವಾಗಿ ನಿಷೇಧಿಸಿದೆ. ಬೇರೆಯವರ ಮೊಬೈಲ್ ತೆರೆದು ನೋಡುವುದು, ಮುಚ್ಚಿದ ಬಾಗಿಲಿಗೆ ಕಿವಿಗೊಡುವುದು ತಾನೇ ಒಂದು ಕೆಡುಕು. ವಿದ್ವಾಂಸರ ನಡುವೆಯೇ ಭಿನ್ನಾಭಿಪ್ರಾಯ ಇರುವ ವಿಷಯಗಳಲ್ಲೂ ಇನ್ನೊಬ್ಬರನ್ನು ಖಂಡಿಸಹೊರಡಬಾರದು.

ಮಾತಿನ ಧಾಟಿಗೆ ಪ್ರವಾದಿ(ಸ)ಯವರ ಮಸೀದಿಯಲ್ಲಿ ನಡೆದದ್ದೇ ಮಾದರಿ. ಮರುಭೂಮಿಯ ಬದೂವಿ (ಅಲೆಮಾರಿ ಅರಬ) ಒಬ್ಬ ಮಸೀದಿಯ ಒಂದು ಬದಿಯಲ್ಲಿ ಮೂತ್ರ ಮಾಡತೊಡಗಿದ. ಜನ ಗದರುತ್ತಾ ಎದ್ದರು. ಪ್ರವಾದಿ(ಸ) ಅವರನ್ನು ತಡೆದು, ಅವನು ಮುಗಿಸುವವರೆಗೆ ಕಾಯಲು ಹೇಳಿದರು. ಬಳಿಕ ಒಂದು ಬಕೆಟ್ ನೀರು ತರಿಸಿ ಆ ಜಾಗಕ್ಕೆ ಸುರಿಸಿದರು. ಅವನನ್ನು ಹತ್ತಿರ ಕರೆದು, ಮಸೀದಿ ಇರುವುದು ಅಲ್ಲಾಹನ ಸ್ಮರಣೆಗೆ, ನಮಾಝ್‌ಗೆ, ಕುರ್‌ಆನ್ ಪಾರಾಯಣಕ್ಕೆ ಎಂದು ತಿಳಿಹೇಳಿದರು. ಈಜಿಪ್ಟಿನ ದುಷ್ಟ ದೊರೆ ಫಿರ್‌ಔನನಂಥವನ ಬಳಿಗೆ ಕಳಿಸುವಾಗಲೂ ಪ್ರವಾದಿಗಳಾದ ಮೂಸಾ ಮತ್ತು ಹಾರೂನ್‌ರಿಗೆ(ಅ) ಸೌಮ್ಯವಾಗಿ ಮಾತನಾಡಿ ಎಂಬ ಆದೇಶವಿತ್ತು. ಫಿರ್‌ಔನನಿಗಿಂತ ಕೆಟ್ಟವರು ನಮಗೆ ಸಿಗಲಾರರು, ಮೂಸಾರಿಗಿಂತ(ಅ) ಉತ್ತಮರು ನಾವಲ್ಲ.

‘ನಾನೇ ಸರಿಯಿಲ್ಲ, ಇನ್ನೊಬ್ಬರಿಗೆ ಹೇಗೆ ಹೇಳಲಿ’ ಎಂಬ ಅಳುಕೂ ಅನೇಕರಿಗಿದೆ. ಹೇಳಿದಂತೆ ನಡೆಯದವರನ್ನು ಕುರ್‌ಆನ್ ಕಟುವಾಗಿ ಟೀಕಿಸಿದೆ, ನಿಜ. ಆದರೆ ಆ ಟೀಕೆಯ ಗುರಿ ನಡೆಯದಿರುವುದು, ಹೇಳುವುದಲ್ಲ. ಪಾಪವೇ ಮಾಡದವನು ಮಾತ್ರ ಬಾಯಿ ತೆರೆಯಬೇಕು ಎಂದಾದರೆ ಯಾರೂ ಬಾಯಿ ತೆರೆಯುವಂತಿಲ್ಲ.

ಹೇಳಿದರೂ ಕೇಳದವರ ವಿಷಯ ಉಳಿಯಿತು. ಅಲ್ ಅಅರಾಫ್ ಅಧ್ಯಾಯದಲ್ಲಿ ಸಬ್ಬತ್ ದಿನದ (ಯಹೂದಿಗಳ ಶನಿವಾರದ ವಿಶ್ರಾಂತಿ ದಿನದ) ನಿಯಮ ಮುರಿದು ಮೀನು ಹಿಡಿಯುತ್ತಿದ್ದ ಕಡಲತೀರದ ಊರೊಂದರ ಕಥೆಯಿದೆ. ಅಲ್ಲಿ ಕೆಲವರು ತಪ್ಪು ಮಾಡಿದವರಿಗೆ ಬುದ್ಧಿ ಹೇಳುತ್ತಿದ್ದರು. ಅಲ್ಲಾಹನೇ ನಾಶ ಮಾಡಲಿರುವ ಜನರಿಗೆ ಏಕೆ ಉಪದೇಶಿಸುತ್ತೀರಿ ಎಂದು ಬೇರೆ ಕೆಲವರು ಕೇಳಿದರು. ಬುದ್ಧಿ ಹೇಳುತ್ತಿದ್ದವರು ಎರಡು ಕಾರಣ ಕೊಟ್ಟರು: ನಿಮ್ಮ ಪ್ರಭುವಿನ ಮುಂದೆ ನಾವು ಹೊಣೆಯಿಂದ ಮುಕ್ತರಾಗಬೇಕು, ಮತ್ತು ಅವರು ಇನ್ನೂ ಎಚ್ಚೆತ್ತುಕೊಳ್ಳಬಹುದು. ವಿಪತ್ತು ಬಂದಾಗ, ಕೆಡುಕನ್ನು ತಡೆಯುತ್ತಿದ್ದವರನ್ನು ಪಾರುಮಾಡಿದೆವು ಎನ್ನುತ್ತದೆ 165ನೇ ವಚನ. ಸುಮ್ಮನಿದ್ದವರು ಏನಾದರು ಎಂದು ಅದು ಹೇಳುವುದಿಲ್ಲ.