ಒಂದೇ ಸ್ಲೇಟಿನ ಲಾಗಿನ್

ಶಿವಮೊಗ್ಗದ ಯಾವುದೋ ಕಾಲೇಜಿನ ಲ್ಯಾಬ್ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಅರವತ್ತು ಮಂದಿ ಲಿನಕ್ಸ್ ಸರ್ವರಿಗೆ ಒಟ್ಟಿಗೆ ಲಾಗಿನ್ ಆಗುತ್ತಾರೆ. ಒಂದಿಬ್ಬರಿಗೆ ‘ಪಾಸ್‌ವರ್ಡ್ ತಪ್ಪು’ ಎಂದು ಬರುತ್ತದೆ. ಎರಡನೇ ಸಲ ಹೊಡೆದರೆ ಸಲೀಸು. ಬೆರಳು ತಪ್ಪಿತೆಂದು ಬಿಟ್ಟುಬಿಡುವವರೇ ಹೆಚ್ಚು. ಲಾಗಿನ್ ಸೇವೆ ಥ್ರೆಡ್‌ಗಳಲ್ಲಿ (ಒಂದೇ ಪ್ರೋಗ್ರಾಮಿನೊಳಗೆ ಒಂದೇ ಮೆಮೊರಿ ಹಂಚಿಕೊಂಡು ಒಟ್ಟಿಗೆ ನಡೆಯುವ ಎಳೆಗಳು) ಓಡುತ್ತಿದ್ದರೆ ಸಿ ಭಾಷೆಯ ಲೈಬ್ರರಿಯ ಹಳೇ ಫಂಕ್ಷನ್‌ಗಳನ್ನೂ ಅನುಮಾನಿಸಬೇಕು.

ಅಂಥದೊಂದು ಫಂಕ್ಷನ್ ಗೆಟ್‌ಪಿಡಬ್ಲ್ಯುನ್ಯಾಮ್ (getpwnam). ಅದು ಬಳಕೆದಾರನ ವಿವರವನ್ನು ತನ್ನದೇ ಒಂದು ಬಫರಿನಲ್ಲಿ (ತಾತ್ಕಾಲಿಕ ಮೆಮೊರಿ ಜಾಗ) ಬರೆದು ಅದರ ವಿಳಾಸ ಕೊಡುತ್ತದೆ. ಅಡಿಕೆ ಮಂಡಿಯಲ್ಲಿ ಎಲ್ಲರ ತೂಕಕ್ಕೂ ಒಂದೇ ಸ್ಲೇಟು ಇಟ್ಟ ಹಾಗೆ: ತೀರ್ಥಹಳ್ಳಿಯವರ ಚೀಲದ ತೂಕ ಓದಿಕೊಳ್ಳುವಷ್ಟರಲ್ಲಿ ಹೊಸನಗರದವರದ್ದು ಅದರ ಮೇಲೆ ಬಿದ್ದಿರುತ್ತದೆ. ಹ್ಯಾಶ್ (ಪಾಸ್‌ವರ್ಡನ್ನು ಕಲಸಿ ಇಟ್ಟ ಗುಪ್ತ ರೂಪ) ಅದಲುಬದಲಾದರೆ ಲಾಗಿನ್ ಸೋಲುತ್ತದೆ, ಅಷ್ಟೆ. ಪಾಸ್‌ವರ್ಡ್ ಹೊಂದಿದ ಮೇಲೆ ಯುಐಡಿ (ಬಳಕೆದಾರನ ಗುರುತಿನ ಸಂಖ್ಯೆ) ಓದುವ ಮುನ್ನ ಬಫರ್ ಬದಲಾದರೆ ಒಬ್ಬರ ಪಾಸ್‌ವರ್ಡಿಗೆ ಇನ್ನೊಬ್ಬರ ಖಾತೆ ತೆರೆಯುತ್ತದೆ. ಆ ಇನ್ನೊಬ್ಬರು ಎಲ್ಲ ಅಧಿಕಾರವಿರುವ ರೂಟ್ ಆಗಿದ್ದರಂತೂ ಮುಗಿಯಿತು.

ಲಾಗಿನ್ ಭದ್ರತೆ ಹೆಚ್ಚಿಸುವ ಯೋಜನೆ ಹಾಕುವಾಗ ಎಡವುವುದು ಇಲ್ಲೇ. ‘ಮೊದಲು ಯೆಸ್‌ಕ್ರಿಪ್ಟ್‌ಗೆ ಹೋಗೋಣ, ಥ್ರೆಡ್ ಆಮೇಲೆ’ ಎನ್ನುತ್ತಾರೆ. ಯೆಸ್‌ಕ್ರಿಪ್ಟ್ ಎಂಬುದು ಪಾಸ್‌ವರ್ಡ್ ಹ್ಯಾಶ್ ಮಾಡುವ ಗಟ್ಟಿ ವಿಧಾನ, ಬೇಕೆಂದೇ ನಿಧಾನ. ಅದು ಲೆಕ್ಕ ಹಾಕುವಷ್ಟು ಹೊತ್ತೂ ಸ್ಲೇಟು ಬಯಲಲ್ಲಿರುತ್ತದೆ. ಹ್ಯಾಶ್ ಗಟ್ಟಿಯಾದಷ್ಟೂ ತೂತು ಅಗಲ. ಹಾಗಾಗಿ ಥ್ರೆಡ್ ಕೆಲಸವೇ ಮೊದಲು.

ಎನ್‌ಎಮ್ (ಪ್ರೋಗ್ರಾಮ್ ಕಡತದೊಳಗಿನ ಫಂಕ್ಷನ್ ಹೆಸರು ತೋರಿಸುವ ಕಮಾಂಡ್) ಓಡಿಸಿ ಯಾವ ಬೈನರಿ (ಕಂಪೈಲ್ ಆದ ಕಡತ) ಗೆಟ್‌ಪಿಡಬ್ಲ್ಯುನ್ಯಾಮ್, ಕ್ರಿಪ್ಟ್, ಸ್ಟ್ರ್‌ಟಾಕ್, ಲೋಕಲ್‌ಟೈಮ್ ಕರೆಯುತ್ತಿದೆ ಎಂದು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ಕೊನೆಗೆ ‘ಅಂಡರ್‌ಸ್ಕೋರ್ ಆರ್’ (_r) ಇರುವ ರೂಪ ಹಾಕಿ; ಅದಕ್ಕೆ ಬರೆಯುವ ಜಾಗವನ್ನು ಕರೆಯುವವರೇ ಕೊಡುತ್ತಾರೆ, ಅಂದರೆ ಪ್ರತಿಯೊಬ್ಬರಿಗೂ ತಮ್ಮದೇ ಸ್ಲೇಟು. ಗೆಟ್‌ಪಿಡಬ್ಲ್ಯುನ್ಯಾಮ್ ಆರ್‌ಗೆ ಕೊಡುವ ಬಫರ್ 1024 ಬೈಟಿನಿಂದ ಶುರುವಾಗಲಿ. ಇರೇಂಜ್ (ಬಫರ್ ಸಾಲದು ಎಂಬ) ದೋಷ ಬಂದರೆ ಇಮ್ಮಡಿಸಿ, ಒಂದು ಮಿತಿಯೂ ಇರಲಿ. ಸೊನ್ನೆ ಮರಳಿ, ಫಲಿತಾಂಶ ನಲ್ (ಖಾಲಿ) ಆಗಿದ್ದರೆ ಮಾತ್ರ ‘ಬಳಕೆದಾರ ಇಲ್ಲ’ ಎಂದರ್ಥ; ಬೇರೆ ದೋಷವನ್ನು ಅದರ ಜೊತೆ ಕಲಸಬೇಡಿ. ಕ್ರಿಪ್ಟ್ ಆರ್‌ಗೆ ಕೊಡುವ ರಚನೆ ಹಳೇ ಜಿಲಿಬ್‌ಸಿಯಲ್ಲಿ (ಲಿನಕ್ಸಿನ ಸಿ ಲೈಬ್ರರಿ) 128 ಕೆಬಿ ದಾಟುತ್ತದೆ. ಅದನ್ನು ಥ್ರೆಡ್ಡಿನ ಸ್ಟ್ಯಾಕ್ (ಅದರ ಮಿತಿಯಿರುವ ಸ್ವಂತ ಮೆಮೊರಿ) ಮೇಲೆ ಇಡದೆ ಹೀಪಿನಲ್ಲಿ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ) ಇಡಿ.

ಮ್ಯೂಟೆಕ್ಸ್, ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಬಿಡುವ ಬೀಗ, ಸುತ್ತಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಪ್ಯಾಮ್ (ಲಿನಕ್ಸಿನ ಲಾಗಿನ್ ದೃಢೀಕರಣ ವ್ಯವಸ್ಥೆ) ಮಾಡ್ಯೂಲು ಒಳಗಿನಿಂದ ಅದೇ ಫಂಕ್ಷನ್ ಕರೆದರೆ ನಿಮ್ಮ ಬೀಗ ಅದಕ್ಕೆ ಗೊತ್ತಿಲ್ಲ. ಆಷಾಢದ ಮಳೆಗೆ ಫೈಬರ್ ಕಡಿದು ಬಳಕೆದಾರರ ಪಟ್ಟಿ ಇಟ್ಟ ದೂರದ ಎಲ್‌ಡ್ಯಾಪ್ ಸರ್ವರ್ ಸುಮ್ಮನಾದರೆ ಬೀಗ ಹಿಡಿದವನ ಹಿಂದೆ ಎಲ್ಲರೂ ಸಾಲು ನಿಲ್ಲುತ್ತಾರೆ. ದೃಢೀಕರಣವನ್ನು ಬೇರೆ ಪ್ರಾಸೆಸ್‌ಗೆ ಹಾಕುವುದೇ ಒಳ್ಳೆಯದು, ಒಂದು ಲಾಗಿನ್‌ಗೆ ಒಂದು ಪ್ಯಾಮ್ ಹ್ಯಾಂಡಲ್. ಯುಐಡಿ ಬದಲಿಸುವ ಸೆಟ್‌ಯುಐಡಿ ಕಾರಣವೂ ಇದೆ: ಲಿನಕ್ಸ್ ಕರ್ನಲ್ ಅದನ್ನು ಥ್ರೆಡ್ಡಿಗೆ ಮಾತ್ರ ಬದಲಿಸುತ್ತದೆ, ಜಿಲಿಬ್‌ಸಿ ಎಲ್ಲ ಥ್ರೆಡ್ಡಿಗೂ ಹಬ್ಬಿಸುತ್ತದೆ; ಹಾಗಾಗಿ ಒಬ್ಬರಿಗೆಂದು ಬದಲಿಸಿದ್ದು ಉಳಿದವರ ಥ್ರೆಡ್ಡಿಗೂ ತಗಲುತ್ತದೆ.

ಥ್ರೆಡ್‌ಸ್ಯಾನಿಟೈಸರ್ (ಥ್ರೆಡ್ಡುಗಳು ಒಂದೇ ಜಾಗಕ್ಕೆ ಕೈಹಾಕಿ ಡಿಕ್ಕಿ ಹೊಡೆಯುವ ‘ರೇಸು’ಗಳನ್ನು ಹಿಡಿಯುವ ಸಾಧನ) ಹಾಕಿ ಪರೀಕ್ಷಿಸಿ. ಓಟ 5ರಿಂದ 15 ಪಟ್ಟು ನಿಧಾನವಾಗುತ್ತದೆ. ಅದರೊಂದಿಗೆ ಕಂಪೈಲ್ ಆಗದ ಲೈಬ್ರರಿಯೊಳಗಿನ ರೇಸುಗಳು ಅದರ ಕಣ್ಣು ತಪ್ಪಿಸಬಹುದು, ಎನ್‌ಎಮ್ ಪಟ್ಟಿ ಬೇಕಾಗುವುದು ಅದಕ್ಕೇ.

ಪಾಸ್‌ವರ್ಡಿನ ಜೊತೆ ಟಿಓಟಿಪಿ (ಗಡಿಯಾರದ ಮೇಲೆ ಹುಟ್ಟುವ ಒಂದು ಬಾರಿಯ ಕೋಡು) ಸೇರಿಸುವುದು ಇಷ್ಟಾದ ಮೇಲೆ. ಅದರ ಕೋಡು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಆಗುಂಬೆಯಂಥ ಕಡೆ ಕರೆಂಟು ಹೋಗಿ, ಮದರ್‌ಬೋರ್ಡಿನ ಸಿಆರ್2032 ಸೆಲ್ಲೂ ಸತ್ತು, ನೆಟ್ ಇಲ್ಲದೆ ಎನ್‌ಟಿಪಿ (ನೆಟ್ ಮೂಲಕ ಸಮಯ ಸರಿಪಡಿಸುವ ಸೇವೆ) ಸಿಗದಿದ್ದರೆ ಗಡಿಯಾರ ಹಳಿ ತಪ್ಪುತ್ತದೆ. ಯಾರ ಕೋಡೂ ಹೊಂದುವುದಿಲ್ಲ. ಹಾಗಾಗಿ ಕನ್ಸೋಲ್ ಲಾಗಿನ್‌ಗೆ (ಯಂತ್ರದ ಮುಂದೆಯೇ ಕೂತು ಮಾಡುವ ಲಾಗಿನ್) ಟಿಓಟಿಪಿ ಬೇಡ. ಪ್ಯಾಮ್ ಕಡತ ತಿದ್ದುವಾಗ ಒಂದು ರೂಟ್ ಸೆಷನ್ ತೆರೆದೇ ಇರಲಿ, ಇನ್ನೊಂದು ಟರ್ಮಿನಲ್ಲಿನಿಂದ ಲಾಗಿನ್ ಆಗಿ ನೋಡುವ ತನಕ ಮುಚ್ಚಬೇಡಿ.