ಕೃತಕ ಮಂಡಿಗೆ ಅಂಟಿದ ಲೋಳೆ

1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಇಬ್ಬರು ಸಂಶೋಧಕರು ಬ್ರಿಟನ್ನಿನಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇವತ್ತಾಗಿದ್ದರೆ ಅದಕ್ಕೆ ಒಪ್ಪಿಗೆ ಸಿಗೋದು ಕಷ್ಟ ಇತ್ತು. ಸ್ವಯಂಸೇವಕರ ಚರ್ಮದೊಳಗೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಚುಚ್ಚಿ, ಕೀವಾಗಲು ಎಷ್ಟು ಬೇಕು ಅಂತ ನೋಡಿದರು. ಹತ್ತಾರು ಲಕ್ಷ ಬೇಕಾಯಿತು. ಅದೇ ಜಾಗದಲ್ಲಿ ಒಂದೆಳೆ ಹೊಲಿಗೆ ದಾರ ಇದ್ದಾಗ ಕೆಲವು ನೂರೇ ಸಾಕಾದವು.

ದಾರಕ್ಕೇ ಹೀಗಾದರೆ, ಲೋಹದ ಮಂಡಿ ಕೂರಿಸಿಕೊಂಡವರ ಗತಿ ಏನು? ಗಾಬರಿ ಬೇಡ. ಒಳ್ಳೆಯ ಆಪರೇಷನ್ ಥಿಯೇಟರಿನಲ್ಲಿ ಮಾಡಿದ ಮಂಡಿ, ಸೊಂಟದ ಕೀಲುಗಳಲ್ಲಿ ಸೋಂಕು ತಗಲುವುದು ನೂರರಲ್ಲಿ ಒಂದೆರಡಕ್ಕೆ ಮಾತ್ರ. ಆದರೆ ತಗಲಿದರೆ ಬಿಡಿಸುವುದು ಸುಲಭವಲ್ಲ.

ಲೋಹಕ್ಕೆ ರಕ್ತನಾಳ ಇಲ್ಲ. ಹಾಗಾಗಿ ರಕ್ತದ ಬಿಳಿ ಕಣಗಳಿಗೆ ಅದರ ಮೈಮೇಲೆ ಓಡಾಡಲು ದಾರಿ ಕಡಿಮೆ. ಓಡಾಡಿದರೂ ಇಂಪ್ಲಾಂಟ್ (ಮೈಯೊಳಗೆ ಕೂರಿಸಿದ ಕೃತಕ ಭಾಗ) ಹತ್ತಿರ ಬಂದ ಕಣಗಳು ಬ್ಯಾಕ್ಟೀರಿಯಾ ಕೊಲ್ಲುವ ಕಸುವನ್ನೇ ಕಳೆದುಕೊಳ್ಳುತ್ತವೆ. ಬ್ಯಾಕ್ಟೀರಿಯಾ ಮೊದಲು ಬಂದು ಅಂಟಿಕೊಂಡರೆ, ಸುತ್ತ ಸಕ್ಕರೆ, ಪ್ರೋಟೀನ್, ಡಿಎನ್ಎ ಸೇರಿದ ಲೋಳೆ ಸುರಿಸಿಕೊಂಡು ಕೂರುತ್ತವೆ. ಇದೇ ಬಯೋಫಿಲಂ. ನೀರಿನ ಟ್ಯಾಂಕಿನ ಒಳಗೋಡೆಗೆ ಕೈ ಹಾಕಿದರೆ ಜಾರುತ್ತದಲ್ಲ, ಅದೂ ಇದೇ ಜಾತಿಯದ್ದು.

ಲೋಳೆ ಔಷಧಿಯನ್ನು ತಡೆಯುತ್ತದೆ ಅನ್ನೋದು ಅರ್ಧ ಸತ್ಯ. ಎಷ್ಟೋ ಆಂಟಿಬಯೋಟಿಕ್‌ಗಳು ಲೋಳೆಯೊಳಗೆ ಇಳಿಯುತ್ತವೆ. ತೊಂದರೆ ಬೇರೆ ಕಡೆ ಇದೆ: ಒಳಗಿರುವ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ನಿದ್ದೆ ಹೋಗಿರುತ್ತವೆ. ಪೆನಿಸಿಲಿನ್ ಜಾತಿಯ ಔಷಧಿ ಕೊಲ್ಲುವುದು ಹೊಸ ಗೋಡೆ ಕಟ್ಟುತ್ತಿರುವ ಬ್ಯಾಕ್ಟೀರಿಯಾವನ್ನು. ಕಟ್ಟುವ ಕೆಲಸವೇ ನಿಂತಿದ್ದರೆ ಅದು ಏನು ಮಾಡೀತು? ಲ್ಯಾಬ್ ರಿಪೋರ್ಟಿನಲ್ಲಿ ‘ಸೆನ್ಸಿಟಿವ್’ (ಈ ಔಷಧಿಗೆ ಬಗ್ಗುತ್ತದೆ) ಎಂದಿದ್ದರೂ ಔಷಧಿ ಸೋಲುವುದು ಇದಕ್ಕೇ. ಲ್ಯಾಬ್ ಪರೀಕ್ಷಿಸಿದ್ದು ತೇಲಾಡುವ, ಎಚ್ಚರವಾಗಿರುವ ಬ್ಯಾಕ್ಟೀರಿಯಾವನ್ನು.

ಲೋಳೆ ಬ್ಯಾಕ್ಟೀರಿಯಾವನ್ನು ಪತ್ತೆ ಹಚ್ಚೋದೂ ಕಷ್ಟ. ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಸುತ್ತಲಿನ ಮಾಂಸದ ಚೂರು ಕಲ್ಚರ್‌ಗೆ ಹಾಕಿದರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಅದಕ್ಕೆ ತೆಗೆದ ಇಂಪ್ಲಾಂಟನ್ನೇ ಡಬ್ಬಿಯಲ್ಲಿ ದ್ರವದೊಳಗೆ ಮುಳುಗಿಸಿ, ಜೋರಾಗಿ ಕುಲುಕಿ, ಶ್ರವಣಾತೀತ (ಅಲ್ಟ್ರಾಸೌಂಡ್) ಅಲೆ ಹಾಯಿಸುತ್ತಾರೆ. ಒಂದೇ ನಿಮಿಷ. ಲೋಳೆ ಉದುರಿ ದ್ರವಕ್ಕೆ ಬರುತ್ತದೆ. 2007ರ ಒಂದು ಅಧ್ಯಯನದಲ್ಲಿ ಮಾಂಸದ ಚೂರಿನ ಕಲ್ಚರ್ ಸುಮಾರು 61% ಸೋಂಕುಗಳನ್ನು ಹಿಡಿದರೆ, ಈ ದ್ರವ 78% ಹಿಡಿಯಿತು.

ಚಿಕಿತ್ಸೆ ಲೋಳೆಯ ವಯಸ್ಸಿನ ಮೇಲೆ ನಿಂತಿದೆ. ಆಪರೇಷನ್ ಆಗಿ ಕೆಲವೇ ವಾರವಾಗಿದ್ದು, ಕೀಲು ಅಲ್ಲಾಡದೆ ಗಟ್ಟಿಯಾಗಿದ್ದರೆ ಲೋಹವನ್ನು ಉಳಿಸಿಕೊಳ್ಳಬಹುದು. ಕೀಲು ತೆರೆದು, ಕೆಟ್ಟ ಮಾಂಸ ಕೆರೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದು, ಮಧ್ಯದ ಪ್ಲಾಸ್ಟಿಕ್ ತುಂಡನ್ನು ಹೊಸದು ಹಾಕುತ್ತಾರೆ. ಹಳೇ ಸೋಂಕಾದರೆ ಎಲ್ಲವನ್ನೂ ಕೀಳಬೇಕು. ಆ ಖಾಲಿ ಜಾಗಕ್ಕೆ ಆಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟಿನ ತಾತ್ಕಾಲಿಕ ಕೀಲು ಕೂರಿಸಿ, ವಾರಗಟ್ಟಲೆ ಕಾದು, ಆಮೇಲೆ ಹೊಸ ಮಂಡಿ. ಸಿಮೆಂಟಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸುವ ಉಪಾಯ 1970ರ ಹೊತ್ತಿಗೆ ಹ್ಯಾಂಬರ್ಗಿನ ಬುಖ್‌ಹೋಲ್ಟ್ಸ್ ತಂಡದ್ದು. ಎಲ್ಲವನ್ನೂ ಒಂದೇ ಆಪರೇಷನ್ನಿನಲ್ಲಿ ಮುಗಿಸುವವರೂ ಇದ್ದಾರೆ; ಆಯ್ದ ರೋಗಿಗಳಲ್ಲಿ ಅದೂ ಚೆನ್ನಾಗೇ ಕೆಲಸ ಮಾಡುತ್ತದೆ.

ನನಗೆ ಜಾಸ್ತಿ ಕುತೂಹಲ ಇರೋದು ರಿಫಾಂಪಿಸಿನ್ ಬಗ್ಗೆ. ನಮ್ಮಲ್ಲಿ ಟಿಬಿ ಮಾತ್ರೆ ನುಂಗಿದವರಿಗೆಲ್ಲ ಇದು ಗೊತ್ತು, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಲ್ಲ, ಅದೇ. ಇದು ತಡೆಯುವುದು ಡಿಎನ್ಎಯಿಂದ ಆರ್‌ಎನ್ಎ ತಯಾರಿಸುವ ಕಿಣ್ವವನ್ನು. ಬೆಳವಣಿಗೆ ನಿಧಾನವಾಗಿರುವ ಬ್ಯಾಕ್ಟೀರಿಯಾಗೂ ಆ ಕಿಣ್ವ ಬೇಕೇ ಬೇಕು. 1998ರಲ್ಲಿ ಸ್ವಿಟ್ಜರ್ಲೆಂಡಿನ ತ್ಸಿಮ್ಮರ್ಲಿ ತಂಡ, ಸ್ಟ್ಯಾಫಿಲೋಕಾಕಸ್ ತಗಲಿಯೂ ಇಂಪ್ಲಾಂಟ್ ಉಳಿಸಿಕೊಂಡ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ಸಿಪ್ರೊಫ್ಲಾಕ್ಸಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಜೊತೆ ರಿಫಾಂಪಿಸಿನ್ ಪೂರ್ತಿ ತಗೊಂಡ 12 ಮಂದಿಯೂ ಗುಣವಾದರು. ಸಿಪ್ರೊಫ್ಲಾಕ್ಸಸಿನ್ ಮಾತ್ರ ತಗೊಂಡ 12ರಲ್ಲಿ 7 ಮಂದಿ. ತೀರಾ ಚಿಕ್ಕ ಪ್ರಯೋಗ, ಆದರೂ ಜಗತ್ತಿನ ಎಷ್ಟೋ ಆಸ್ಪತ್ರೆಗಳು ಇದನ್ನೇ ನೆಚ್ಚಿಕೊಂಡವು. 2020ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ. ಹಾಗಂತ ಕೈಬಿಡಲು ಬೇರೆ ಒಳ್ಳೆಯ ಔಷಧಿ ಎಲ್ಲಿದೆ?

ಒಂಟಿಯಾಗಿ ಮಾತ್ರ ಇದನ್ನು ಕೊಡುವಂತಿಲ್ಲ. ಒಂದೇ ಜೀನ್ ರೂಪಾಂತರ ಸಾಕು, ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವಲ್ಲಿ ಅಂಥದ್ದು ಮೊದಲೇ ಇರುವ ಸಾಧ್ಯತೆ ಹೆಚ್ಚು. ಅದಕ್ಕೇ ಮೊದಲು ಕೆರೆದು ತೊಳೆದು ಸಂಖ್ಯೆ ಇಳಿಸಿ, ಗಾಯ ಒಣಗಿದ ಮೇಲೆ, ಇನ್ನೊಂದು ಔಷಧಿಯ ಜೊತೆಗೇ ಶುರು ಮಾಡುತ್ತಾರೆ. ಕೋರ್ಸ್ ಎಷ್ಟು ದಿನ? 2021ರ ಫ್ರೆಂಚ್ ಪ್ರಯೋಗದಲ್ಲಿ ಆರು ವಾರ ಆಂಟಿಬಯೋಟಿಕ್ ತಗೊಂಡವರಲ್ಲಿ ನೂರಕ್ಕೆ 18 ಮಂದಿಗೆ ಸೋಂಕು ಉಳಿದಿತ್ತು. ಹನ್ನೆರಡು ವಾರ ತಗೊಂಡವರಲ್ಲಿ 9 ಮಂದಿಗೆ.

ಇದೆಲ್ಲ ಶುರುವಾಗುವ ಮುಂಚೆಯೇ ಆಗುವ ಎಡವಟ್ಟು ಒಂದಿದೆ. ಮಂಡಿ ಊದಿತು, ಹೊಲಿಗೆ ಒಸರಿತು ಅಂತ ಮೆಡಿಕಲ್ ಶಾಪಿನಿಂದ ಒಂದು ಕೋರ್ಸ್ ಆಂಟಿಬಯೋಟಿಕ್ ತಂದು ನುಂಗುವುದು. ತೇಲಾಡುವ ಬ್ಯಾಕ್ಟೀರಿಯಾ ಸಾಯುತ್ತವೆ, ಜ್ವರ ಇಳಿಯುತ್ತದೆ, ಲೋಳೆ ಹಾಗೇ ಇರುತ್ತದೆ. ಕೊನೆಗೆ ಕೀಲಿನ ನೀರು ತೆಗೆದು ಪರೀಕ್ಷಿಸಿದರೆ ಏನೂ ಬೆಳೆಯುವುದಿಲ್ಲ. ರೋಗಿಯ ಸ್ಥಿತಿ ಗಂಭೀರವಾಗಿಲ್ಲದಿದ್ದರೆ, ಸರ್ಜನ್ನರು ಮಾತ್ರೆ ನಿಲ್ಲಿಸಿ ಎರಡು ವಾರ ಕಾದು ಆಮೇಲೆ ನೀರು ತೆಗೆಯುತ್ತಾರೆ.