ಬರೆಯುವವರಿಲ್ಲದೆ ಬಳಗದ ಪತ್ರಿಕೆ ತರುವುದು ಹೇಗೆ?

ಪ್ರಶ್ನೆ: ನಮ್ಮ ಕಾಲೇಜಿನ ಗ್ನೂ/ಲಿನಕ್ಸ್ ಬಳಗದವರೆಲ್ಲ ಸೇರಿ ಕನ್ನಡದಲ್ಲಿ ಒಂದು ಪತ್ರಿಕೆ ತರಬೇಕೆಂದಿದ್ದೇವೆ. ಎಲ್ಲರಿಗೂ ಉತ್ಸಾಹವಿದೆ, ಆದರೆ ಬರೆಯಲು ಯಾರೂ ಮುಂದೆ ಬರುವುದಿಲ್ಲ. ಬರೆಯುವವರಿಲ್ಲದೆ ಪತ್ರಿಕೆ ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಖಂಡಿತ ಸಾಧ್ಯ. ಮುಕ್ತ ತಂತ್ರಾಂಶವನ್ನು (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ; ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಗ್ನೂ/ಲಿನಕ್ಸ್ ಅಂಥದ್ದು) ಬಳಸುವವರು ಪತ್ರಿಕೆಯ ಮಾತೆತ್ತಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಆದರೆ ನಿಮ್ಮ ಬಳಗದಲ್ಲಿ ಸರಕಿಗೆ ಕೊರತೆಯಿರಲಾರದು. ಒಬ್ಬರು ಕಳೆದ ವಾರ ಹಟ ಹಿಡಿದ ಪ್ರಿಂಟರನ್ನು ಲಿನಕ್ಸಿನ ಒಂದು ಬಗೆಯಾದ ಉಬುಂಟುವಿಗೆ ಒಗ್ಗಿಸಿರುತ್ತಾರೆ. ಇನ್ನೊಬ್ಬರು ಮೂಲೆ ಸೇರಿದ್ದ ಲ್ಯಾಪ್‌ಟಾಪಿಗೆ ಉಬುಂಟುವಿನದೇ ಹಗುರ ರೂಪವಾದ ಲುಬುಂಟು ಹಾಕಿ ತಂಗಿಯ ಓದಿಗೆ ಕೊಟ್ಟಿರುತ್ತಾರೆ. ಮತ್ತೊಬ್ಬರು ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದಲ್ಲಿ ಊರಿನ ಹಾಲು ಸಂಘದ ಲೆಕ್ಕ ಇಡುತ್ತಿರುತ್ತಾರೆ. ಇವರಾರೂ ತಮ್ಮನ್ನು ಲೇಖಕರೆಂದು ಎಣಿಸಿರುವುದಿಲ್ಲ, ಅಷ್ಟೇ. ಅವರ ಬಳಿಗೆ ಹೋಗಿ ಕೇಳುವ ಒಬ್ಬರು ಬೇಕು. ಸಂಪಾದಕರ ಮೊದಲ ಕೆಲಸ ಕೇಳುವುದು. ತಿದ್ದುವ ಕೆಲಸ ಆಮೇಲಿನದು.

ಕೇಳುವುದಕ್ಕೂ ಒಂದು ಕ್ರಮವಿದೆ. "ನಮ್ಮ ಪತ್ರಿಕೆಗೆ ಒಂದು ಲೇಖನ ಕೊಡಿ" ಎಂದರೆ ಎಲ್ಲರೂ "ನೋಡೋಣ" ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಬದಲಾಗಿ ಹೀಗೆ ಕೇಳಿ: ಆ ಪ್ರಿಂಟರ್ ಯಾವುದು? ಮೊದಲು ಏನು ಮಾಡಿ ನೋಡಿದಿರಿ? ಎಲ್ಲಿ ಸಿಕ್ಕಿಬಿದ್ದಿರಿ? ಕೊನೆಗೆ ಯಾವುದು ಕೆಲಸ ಮಾಡಿತು? ಇಷ್ಟು ಪ್ರಶ್ನೆಗಳಿಗೆ ಬಂದ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬೆರಳಚ್ಚು ಮಾಡಿದರೆ ಎರಡು ಪುಟದ ಲೇಖನಕ್ಕೆ ಬೇಕಾದುದೆಲ್ಲ ಸಿಗುತ್ತದೆ. ಅದನ್ನು ಅವರಿಗೇ ತೋರಿಸಿ, ಅವರ ಹೆಸರಿನಲ್ಲೇ ಪ್ರಕಟಿಸಿ. ಒಮ್ಮೆ ಹೆಸರು ಅಚ್ಚಾದವರಲ್ಲಿ ಕೆಲವರಾದರೂ ಮುಂದಿನ ಸಲ ತಾವೇ ಬರೆದು ಕಳುಹಿಸುತ್ತಾರೆ. ಹೊರಗಿನ ಸುದ್ದಿಗಳನ್ನು ಅನುವಾದಿಸಿ ಪುಟ ತುಂಬಿಸುವ ದಾರಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಸುದ್ದಿ ನಿಮ್ಮ ಸಂಚಿಕೆ ಬರುವ ಹೊತ್ತಿಗೆ ಹಳಸಿರುತ್ತದೆ. ನಿಮ್ಮ ಊರಿನ ಪ್ರಿಂಟರಿನ ಕಥೆಯಾದರೆ ಬೇರೆಲ್ಲೂ ಸಿಗುವುದಿಲ್ಲ.

ಈ ಬಗೆಯ ಪತ್ರಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 'ಫುಲ್ ಸರ್ಕಲ್' ಒಳ್ಳೆಯ ಉದಾಹರಣೆ. ಉಬುಂಟು ಬಳಕೆದಾರರ ಈ ಮಾಸಪತ್ರಿಕೆ ಆರಂಭವಾದದ್ದು 2007ರಲ್ಲಿ. ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿ ಇದನ್ನು ನಡೆಸುವುದಿಲ್ಲ, ನಡೆಸುವವರು ಬಳಕೆದಾರರೇ. 2015ರಲ್ಲಿ ನೂರನೇ ಸಂಚಿಕೆ ಬಂದಿತು, 2023ರ ಕೊನೆಗೆ ಇನ್ನೂರನೆಯದು. ಅಲ್ಲಿ ಲೇಖನಕ್ಕಿರುವ ಮುಖ್ಯ ನಿಯಮ ಒಂದೇ: ಬರಹಕ್ಕೆ ಉಬುಂಟುವಿನೊಡನೆ ಅಥವಾ ಅದರಿಂದ ಹುಟ್ಟಿದ ಕುಬುಂಟು, ಕ್ಸುಬುಂಟುಗಳಂಥವುಗಳೊಡನೆ ಹೇಗಾದರೂ ಸಂಬಂಧವಿರಬೇಕು. ಪದಮಿತಿ ಇಲ್ಲ, ಬರಹ ಉದ್ದವಾದರೆ ಸಂಚಿಕೆಗಳಲ್ಲಿ ಹಂಚಿ ಹಾಕುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಸರಣಿಯೊಂದು ಹೀಗೆ ತಿಂಗಳು ತಿಂಗಳು ಬೆಳೆದು, ಮುಂದೆ ಅದರ ಕಂತುಗಳನ್ನು ಒಟ್ಟು ಮಾಡಿ ವಿಶೇಷ ಸಂಚಿಕೆಗಳನ್ನೇ ತಂದರು. ನನಗೆ ಅದರಲ್ಲಿ ಹೆಚ್ಚು ಮೆಚ್ಚುಗೆಯಾಗುವುದು 'ನನ್ನ ಕಥೆ', 'ನನ್ನ ಡೆಸ್ಕ್‌ಟಾಪ್' ಎಂಬ ಅರ್ಥದ ಅಂಕಣಗಳು. ಲಿನಕ್ಸಿಗೆ ಹೇಗೆ ಬಂದೆ ಎಂದು ಹೇಳುವುದಕ್ಕಾಗಲಿ, ತನ್ನ ಪರದೆಯ ಒಂದು ಚಿತ್ರಕ್ಕೆ ನಾಲ್ಕು ಸಾಲು ಸೇರಿಸುವುದಕ್ಕಾಗಲಿ ಯಾರಿಗೂ ಪಾಂಡಿತ್ಯ ಬೇಡ. ಹೊಸಬರು ಒಳಬರುವ ಬಾಗಿಲು ಇದೇ. ನಿಮ್ಮ ಪತ್ರಿಕೆಯಲ್ಲೂ ಇಂಥದ್ದೊಂದು ಅಂಕಣ ಮೊದಲ ಸಂಚಿಕೆಯಿಂದಲೇ ಇರಲಿ.

ಕನ್ನಡದಲ್ಲಿ ಈ ವಿಷಯ ಬರೆಯುವುದು ಕಷ್ಟ ಎಂಬ ಅಂಜಿಕೆಯೂ ಬೇಡ. ಮುಕ್ತ ತಂತ್ರಾಂಶದ ಬಗ್ಗೆ ಕನ್ನಡದ ಲೇಖನಗಳನ್ನೇ ಕೂಡಿಸಿ ಸಂಚಯ ಬಳಗ 'ಅರಿವಿನ ಅಲೆಗಳು' ಎಂಬ ಇ-ಪುಸ್ತಕ ತಂದಿದೆ. ಕರ್ನಾಟಕದ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘಟನೆಯ ಜೊತೆ ಗುರುತಿಸಿಕೊಂಡ ಗ್ನೂ/ಲಿನಕ್ಸ್ ಬಳಗಗಳಿವೆ. ಪಕ್ಕದ ಕಾಲೇಜಿನ ಬಳಗದವರನ್ನು ಜೊತೆಗೆ ಸೇರಿಸಿಕೊಂಡರೆ ಕಥೆ ಹೇಳುವವರ ಸಂಖ್ಯೆ ಇಮ್ಮಡಿಯಾಗುತ್ತದೆ.

ಇನ್ನು ಪರವಾನಗಿ, ಅಂದರೆ ನಿಮ್ಮ ಬರಹವನ್ನು ಬೇರೆಯವರು ಹೇಗೆ ಬಳಸಬಹುದು ಎಂಬುದರ ಷರತ್ತು. ಇದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಡುವವರೇ ಹೆಚ್ಚು. ಮೊದಲ ಸಂಚಿಕೆಯ ಎರಡನೇ ಪುಟದಲ್ಲೇ ಇದು ಇರಬೇಕು. ಅಮೆರಿಕದ 'ಲಿನಕ್ಸ್ ಗೆಜೆಟ್' ಪತ್ರಿಕೆಯ ಕಥೆ ಏಕೆಂದು ಹೇಳುತ್ತದೆ. 1995ರಲ್ಲಿ ಒಬ್ಬರೇ ಆರಂಭಿಸಿದ ಆ ಮಾಸಪತ್ರಿಕೆಯ ಹೊಣೆ ಮರುವರ್ಷವೇ ಒಂದು ಪ್ರಕಾಶನ ಸಂಸ್ಥೆಗೆ ಹೋಯಿತು. ಬರೆಯುವವರು, ತಿದ್ದುವವರು ಮಾತ್ರ ಸ್ವಯಂಸೇವಕರು. 2003ರಲ್ಲಿ ಆ ಸಂಸ್ಥೆ ತಿಂಗಳ ಸಂಚಿಕೆಯ ಪದ್ಧತಿಯನ್ನೇ ಬಿಡಲು ಹೊರಟಾಗ ಸ್ವಯಂಸೇವಕರು ಒಪ್ಪಲಿಲ್ಲ. ಬೇರೆ ವಿಳಾಸದಲ್ಲಿ ಅದೇ ಹೆಸರಿನಿಂದ ಪತ್ರಿಕೆ ಮುಂದುವರಿಸಿದರು, 2011ರವರೆಗೂ ನಡೆಸಿದರು. ಲೇಖನಗಳು ಮುಕ್ತ ಪರವಾನಗಿಯಲ್ಲಿದ್ದುದರಿಂದ ಹಳೆಯ ಸಂಚಿಕೆಗಳನ್ನು ಕೊಂಡೊಯ್ಯಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆದರೆ ಹೆಸರು ಯಾರದು ಎಂಬುದರ ಮೇಲೆ ಜಗಳವಾಯಿತು. ಆದ್ದರಿಂದ ನಿಮ್ಮಲ್ಲೂ ಪತ್ರಿಕೆಯ ಹೆಸರು, ಜಾಲತಾಣದ ವಿಳಾಸ, ಇಮೇಲ್ ಖಾತೆ ಇವು ಯಾರದೋ ಒಬ್ಬರ ಸ್ವಂತವಾಗಿರದಂತೆ ನೋಡಿಕೊಳ್ಳಿ. ವಿದ್ಯಾರ್ಥಿಗಳ ಬಳಗದಲ್ಲಿ ಇದು ಇನ್ನೂ ಮುಖ್ಯ. ಕೊನೆಯ ವರ್ಷದವರು ಪಾಸಾಗಿ ಹೋಗುವಾಗ ಗುಪ್ತಪದವೂ ಅವರ ಜೊತೆಗೇ ಹೋಗಬಾರದು.

ಪರವಾನಗಿಗಳಲ್ಲಿ ನನ್ನ ಸಲಹೆ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿದ ಬಿವೈ-ಎಸ್‌ಎ. 'ಫುಲ್ ಸರ್ಕಲ್' ಬಳಸುವುದೂ, ವಿಕಿಪೀಡಿಯ ಬಳಸುವುದೂ ಇದನ್ನೇ. ಬರೆದವರ ಹೆಸರು ಹೇಳಬೇಕು, ತಿದ್ದಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ಇಷ್ಟೇ ಅದರ ಕಟ್ಟಳೆ. "ಯಾರಾದರೂ ನಮ್ಮ ಬರಹದಿಂದ ಹಣ ಮಾಡಿಬಿಟ್ಟರೆ?" ಎಂಬ ಭಯದಿಂದ ಹಲವರು ವಾಣಿಜ್ಯ ಬಳಕೆಯನ್ನು ನಿಷೇಧಿಸುವ ಪರವಾನಗಿ ಆರಿಸುತ್ತಾರೆ. ಆಗ ನಿಮ್ಮ ಲೇಖನವನ್ನು ಕನ್ನಡ ವಿಕಿಪೀಡಿಯಕ್ಕೆ ಒಯ್ಯಲಾಗದು. ಜೆರಾಕ್ಸ್ ಮಾಡಿ ಖರ್ಚಿನ ಹಣಕ್ಕೆ ಮಾರುವ ಅಂಗಡಿಯವರೂ ಹಿಂಜರಿಯಬೇಕಾಗುತ್ತದೆ. ಯಾವ ಉದ್ದೇಶಕ್ಕಾದರೂ ಬಳಸಿ ಎನ್ನುವ ತಂತ್ರಾಂಶದ ಕುರಿತ ಪತ್ರಿಕೆಗೆ ಆ ನಿಷೇಧ ಹೊಂದುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಲೇಖನ ಈ ಪರವಾನಗಿಯಲ್ಲಿ ಬರುತ್ತದೆಂದು ಬರೆದವರಿಗೆ ಮೊದಲೇ ಹೇಳಿ, ಅವರ ಒಪ್ಪಿಗೆಯನ್ನು ಇಮೇಲಿನಲ್ಲಿ ಪಡೆದಿಡಿ. ನೂರು ಲೇಖನವಾದ ಮೇಲೆ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗುವುದು ಆಗದ ಮಾತು.

ಪುಟ ವಿನ್ಯಾಸಕ್ಕೆ ಬಂದರೆ ಕನ್ನಡದ ಬಳಗ ಇಂಗ್ಲಿಷಿನವರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. 'ಫುಲ್ ಸರ್ಕಲ್' ತಯಾರಾಗುವುದು ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದಲ್ಲಿ. ಅದರ 1.4 ಸರಣಿಯಲ್ಲಿ ಕನ್ನಡದ ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತಿರಲಿಲ್ಲ. 2017ರಲ್ಲಿ ಬಂದ 1.5.3ರಲ್ಲಿ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಣೆಯ ಯಂತ್ರವನ್ನು ಅಳವಡಿಸಿದ ಮೇಲೆ ಭಾರತೀಯ ಲಿಪಿಗಳಿಗೆ ದಾರಿಯಾಯಿತು. ಅದನ್ನೊಳಗೊಂಡ ಸ್ಥಿರ ಆವೃತ್ತಿ 1.6 ಬಂದದ್ದು 2024ರ ಜನವರಿಯಲ್ಲಿ. "ಸ್ಕ್ರೈಬಸ್ಸಿನಲ್ಲಿ ಕನ್ನಡ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಅವರ ಅನುಭವ ಹಳೆಯ ಆವೃತ್ತಿಯದಿರಬಹುದು. ಹೊಸದನ್ನು ಹಾಕಿಕೊಂಡು ಒಂದು ಪುಟ ಮಾಡಿ ನೋಡಿ. ಕಲಿಯಲು ಸಮಯವಿಲ್ಲದಿದ್ದರೆ ಲಿಬ್ರೆಆಫೀಸ್ ರೈಟರ್ ಸಾಕು, ಹದಿನಾರು ಪುಟದ ಪತ್ರಿಕೆಗೆ ಅದು ಏನೇನೂ ಕಡಿಮೆಯಲ್ಲ. ಅಕ್ಷರ ಶೈಲಿಗೆ ನೋಟೊ ಸೆರಿಫ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆಲ್ಲ ಮುಕ್ತವಾಗಿ ಸಿಗುತ್ತವೆ.

ಲೇಖನಗಳು ಬರುವುದು ಮಾತ್ರ ನಾನಾ ರೂಪದಲ್ಲಿ. ಒಬ್ಬರು ಹಳೆಯ ನುಡಿ ಅಕ್ಷರದಲ್ಲಿ ಕಳುಹಿಸುತ್ತಾರೆ, ಇನ್ನೊಬ್ಬರು ವಾಟ್ಸ್ಆ್ಯಪಿನಲ್ಲಿ ಯುನಿಕೋಡಿನಲ್ಲಿ. ಬಂದುದನ್ನೆಲ್ಲ ಮೊದಲು ಯುನಿಕೋಡಿಗೆ (ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಪರಿವರ್ತಿಸಿಕೊಳ್ಳಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಕಣ್ಣಿಟ್ಟು ಕರಡು ತಿದ್ದಬೇಕು, ತಪ್ಪು ಅಡಗಿ ಕೂರುವುದು ಅಲ್ಲೇ. ಮುದ್ರಣಾಲಯಕ್ಕೆ ಮೂಲ ಕಡತ ಕೊಡಬೇಡಿ. ಅಲ್ಲಿನ ಡಿಟಿಪಿ ಯಂತ್ರದಲ್ಲಿ ಹಳೆಯ ಪೇಜ್‌ಮೇಕರ್ ಇದ್ದರೆ ಯುನಿಕೋಡ್ ಕನ್ನಡ ಚೆಲ್ಲಾಪಿಲ್ಲಿಯಾಗುತ್ತದೆ. ಅಕ್ಷರ ಶೈಲಿಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಟ್ಟರೆ ಆ ತೊಂದರೆಯಿಲ್ಲ.

ಆದರೆ ಪಿಡಿಎಫ್ ಒಂದನ್ನೇ ಹಂಚಿ ಕೈತೊಳೆದುಕೊಳ್ಳುವಂತಿಲ್ಲ. ಪಿಡಿಎಫ್ ನೆನಪಿಡುವುದು ಪುಟದ ಮೇಲೆ ಯಾವ ಆಕಾರ ಎಲ್ಲಿದೆ ಎಂಬುದನ್ನು. 'ಅರ್ಕ' ಎಂದು ಬೆರಳಚ್ಚು ಮಾಡುವಾಗ ರಕಾರ ಮೊದಲು ಬರುತ್ತದೆ, ಪುಟದ ಮೇಲೆ ಅದರ ಗುರುತು ಕಕಾರದ ಬಲಕ್ಕೆ ಕೂರುತ್ತದೆ. ಹಾಗಾಗಿ ಕನ್ನಡದ ಪಿಡಿಎಫ್‌ನಿಂದ ನಕಲು ಮಾಡಿದ ಸಾಲು ಎಷ್ಟೋ ಸಲ ಅಡ್ಡಾದಿಡ್ಡಿಯಾಗಿ ಬರುತ್ತದೆ, ಹುಡುಕಿದ ಪದ ಸಿಗುವುದಿಲ್ಲ, ದೃಷ್ಟಿದೋಷವಿರುವವರು ಬಳಸುವ ಪರದೆ ಓದುಗ ತಂತ್ರಾಂಶವೂ ಎಡವುತ್ತದೆ. ಅದೇ ಪಠ್ಯವನ್ನು ಇಪಬ್ (ಪರದೆಯ ಅಳತೆಗೆ ಸಾಲುಗಳು ಹೊಂದಿಕೊಳ್ಳುವ ಇ-ಪುಸ್ತಕ) ರೂಪದಲ್ಲೂ ಕೊಟ್ಟರೆ ಇವೆಲ್ಲ ಸರಿಹೋಗುತ್ತವೆ, ಮೊಬೈಲಿನಲ್ಲಿ ಓದಲೂ ಹಿತ. 'ಫುಲ್ ಸರ್ಕಲ್' ತನ್ನ ಪುಟವನ್ನು ಕಂಪ್ಯೂಟರ್ ಪರದೆಗೆ ಒಪ್ಪುವಂತೆ ಅಡ್ಡಕ್ಕೆ ಇಟ್ಟುಕೊಂಡು ಹಲವು ಅಂಕಣಗಳಲ್ಲಿ ಹಾಕುತ್ತದೆ. ನಮ್ಮ ಓದುಗರ ಕೈಯಲ್ಲಿರುವುದು ಹೆಚ್ಚಾಗಿ ಮೊಬೈಲ್, ನಮ್ಮ ಪದಗಳೋ ಪ್ರತ್ಯಯ ಸೇರಿ ಉದ್ದವಾದವು. ಕಿರಿದಾದ ಅಂಕಣದಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಅಸಹ್ಯವಾದ ತೆರಪು ಬೀಳುತ್ತದೆ. ಎ5 ಅಳತೆಯ ಪುಟ, ಒಂದೇ ಅಂಕಣ, ಎಡಕ್ಕೆ ಮಾತ್ರ ಸಮ. ಇದು ನನ್ನ ಆಯ್ಕೆ.

ಕಂಪ್ಯೂಟರಿಗೆ ಬೆರಳಚ್ಚು ಮಾಡಿ ಕೊಡುವ ಆದೇಶಗಳನ್ನು (ಕಮಾಂಡ್) ಮುದ್ರಿಸುವ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ. ಟರ್ಮಿನಲ್ಲಿನಲ್ಲಿ, ಅಂದರೆ ಇಂಥ ಆದೇಶ ಬರೆಯುವ ಕಿಟಕಿಯಲ್ಲಿ, ಕೊಡಬೇಕಾದ ಆದೇಶದಲ್ಲಿ ಎರಡು ಅಡ್ಡಗೆರೆ ಇದ್ದರೆ, ಪದ ಸಂಸ್ಕಾರಕದ ಸ್ವಯಂ ತಿದ್ದುಪಡಿ ಅವನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ನೇರವಾದ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಆದರೆ ಆದೇಶ ನಡೆಯುವುದಿಲ್ಲ. ಮೊದಲ ಸಲ ಟರ್ಮಿನಲ್ ತೆರೆದ ಓದುಗ ತನ್ನದೇ ತಪ್ಪೆಂದುಕೊಂಡು ಲಿನಕ್ಸನ್ನೇ ಬಿಟ್ಟುಬಿಡಬಹುದು. ಸ್ವಯಂ ತಿದ್ದುಪಡಿಯನ್ನು ನಿಲ್ಲಿಸಿ, ಆದೇಶಗಳಿಗೆ ಎಲ್ಲ ಅಕ್ಷರಕ್ಕೂ ಸಮ ಅಗಲವಿರುವ ಶೈಲಿ ಬಳಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದವರನ್ನು ಬಿಟ್ಟು ಬೇರೊಬ್ಬರು ಹೊಸದಾಗಿ ಅನುಸ್ಥಾಪಿಸಿದ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೇ ತಂತ್ರಾಂಶದಿಂದ ನಡೆಸುವ ಇನ್ನೊಂದು ಕಂಪ್ಯೂಟರ್) ಪ್ರತಿಯೊಂದು ಸಾಲನ್ನೂ ನಡೆಸಿ ನೋಡಲಿ. ಅದೂ ಅಂತಿಮ ಪಿಡಿಎಫ್‌ನಿಂದ ನಕಲು ಮಾಡಿಯೇ. ಬರೆದವರ ಯಂತ್ರದಲ್ಲಿ ಎಂದೋ ಹಾಕಿಟ್ಟ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಒಂದು ಇದ್ದು, ಅವರಿಗೆ ಅದರ ನೆನಪೇ ಇರುವುದಿಲ್ಲ. ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದ್ದು ಎಂಬುದು ಲೇಖನದ ತಲೆಯಲ್ಲೇ ಇರಬೇಕು: ಉಬುಂಟು 24.04, ಡೆಬಿಯನ್ 12, ಹೀಗೆ. ಬರೆಯಲಾರೆ ಎನ್ನುವ ಸದಸ್ಯರಿಗೆ ಈ ಪರೀಕ್ಷೆಯ ಕೆಲಸ ಕೊಡಿ, ಅವರ ಹೆಸರನ್ನೂ ಲೇಖನದ ಕೆಳಗೆ ಹಾಕಿ. ಮುಂದಿನ ಲೇಖಕರು ಎಷ್ಟೋ ಸಲ ಇಲ್ಲಿಂದಲೇ ಬರುತ್ತಾರೆ.

ಮಾಸಪತ್ರಿಕೆಯ ಆಸೆ ಸದ್ಯಕ್ಕೆ ಬೇಡ. ಮೂರು ತಿಂಗಳಿಗೊಮ್ಮೆ ತನ್ನಿ. ಉಬುಂಟು ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಲಿಬ್ರೆಆಫೀಸ್ ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟಿನಲ್ಲಿ ಹೊಸ ಆವೃತ್ತಿ ಬಿಡುತ್ತವೆ. ಸೆಪ್ಟೆಂಬರಿನ ಮೂರನೇ ಶನಿವಾರ ಮುಕ್ತ ತಂತ್ರಾಂಶವನ್ನು ಸಂಭ್ರಮಿಸುವ ಸಾಫ್ಟ್‌ವೇರ್ ಫ್ರೀಡಂ ಡೇ. ಪರೀಕ್ಷೆಯ ದಿನಗಳನ್ನು ಬಿಟ್ಟು ಇವುಗಳ ಆಸುಪಾಸಿನಲ್ಲಿ ಸಂಚಿಕೆ ಇಟ್ಟುಕೊಂಡರೆ ವಿಷಯಕ್ಕೆ ತಡಕಾಡಬೇಕಿಲ್ಲ. ಘೋಷಿಸಿದ ದಿನಕ್ಕೆ ಆರೇ ಪುಟ ಸಿದ್ಧವಿದ್ದರೆ ಆರು ಪುಟವನ್ನೇ ಪ್ರಕಟಿಸಿ. ದಿನ ಮುಂದೂಡಿದರೆ ಈಗಾಗಲೇ ಬರೆದು ಕೊಟ್ಟವರ ಉತ್ಸಾಹ ಇಳಿಯುತ್ತದೆ.

ಮುದ್ರಣದ ಬಗ್ಗೆ ಎರಡು ಮಾತು. ಪಿನ್ ಹೊಡೆದು ಮಡಚುವ ಪುಸ್ತಿಕೆಗೆ ಪುಟಗಳು ನಾಲ್ಕರ ಗುಣಕದಲ್ಲಿರಬೇಕು. ಪರದೆಯ ಚಿತ್ರಗಳನ್ನು ತೆಗೆದ ಅಳತೆಯಲ್ಲೇ ಪಿಎನ್‌ಜಿ ರೂಪದಲ್ಲಿ ಪ್ರತ್ಯೇಕವಾಗಿ ತರಿಸಿಕೊಳ್ಳಿ, ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಬಂದವು ಅಚ್ಚಿನಲ್ಲಿ ಮಸುಕಾಗುತ್ತವೆ. ನಿಯತಕಾಲಿಕಗಳ ನೋಂದಣಿಗೆ ಈಗ ಇರುವುದು 1867ರ ಕಾಯ್ದೆಯ ಜಾಗದಲ್ಲಿ ಬಂದ 2023ರ ಹೊಸ ಕಾಯ್ದೆ, ಜಾರಿಯಾದದ್ದು 2024ರ ಮಾರ್ಚ್ 1ರಿಂದ. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟಿಪ್ಪಣಿ ಇರುವ, ನಿಯತವಾಗಿ ಮುದ್ರಿಸುವ ಪ್ರಕಟಣೆಗಳಿಗೆ ಅದು ಅನ್ವಯ. ತಾಂತ್ರಿಕ, ವೈಜ್ಞಾನಿಕ, ಶೈಕ್ಷಣಿಕ ಸ್ವರೂಪದ ಜರ್ನಲ್‌ಗಳನ್ನು ಅದು ಹೊರಗಿಟ್ಟಿದೆ. ನಿಮ್ಮ ಪತ್ರಿಕೆ ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಮಾರಾಟಕ್ಕಿಡುವ ಮೊದಲು ತಿಳಿದವರಲ್ಲಿ ಕೇಳಿ.

ಸಂಚಿಕೆ ಹೊರಬಂದ ದಿನವೇ ಅದರ ಪಿಡಿಎಫ್, ಇಪಬ್, ಜೊತೆಗೆ ಮೂಲ ಕಡತಗಳನ್ನೂ ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲ ಸಂಗ್ರಹಾಲಯಕ್ಕೆ ಏರಿಸಿ, ಪರವಾನಗಿಯನ್ನು ಅಲ್ಲೂ ನಮೂದಿಸಿ. ಬಳಗದ ಜಾಲತಾಣದ ಬಾಡಿಗೆ ಕಟ್ಟಲು ಒಂದು ವರ್ಷ ಯಾರೋ ಮರೆತರೂ ಸಂಚಿಕೆಗಳು ಅಲ್ಲಿ ಸಿಗುತ್ತವೆ.